ತಪಾಸಣೆಯ ಸಾಲಿನಲ್ಲಿ ಕರಡಿಗೆ

ಶರಣರ ವಚನಗಳನ್ನು ಓದುವವರಿಗೆ ‘ಅರಿವು’ ಮತ್ತು ‘ಕುರುಹು’ ಎಂಬ ಎರಡು ಪದಗಳು ಅಪರಿಚಿತವಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತು ಕುರುಹು. ಆ ಗುರುತು ಏತಕ್ಕಾಗಿ ಇದೆ ಎಂಬುದನ್ನು ಒಳಗೆ ಕಂಡುಕೊಂಡದ್ದು ಅರಿವು. ಕುರುಹನ್ನು ಹಿಡಿದು ಅರಿವಿನೆಡೆಗೆ ನಡೆಯಬೇಕೆಂಬುದು ಶರಣರ ನಿಲುವು. ಅರಿವನ್ನು ಮರೆತು ಕುರುಹನ್ನೇ ಬಿಗಿಯಾಗಿ ಹಿಡಿದುಕೊಂಡವರನ್ನು ಅಲ್ಲಮಪ್ರಭುದೇವರೂ ಅಂಬಿಗರ ಚೌಡಯ್ಯನವರೂ ಎಷ್ಟು ನಿಷ್ಠುರವಾಗಿ ವಿಚಾರಿಸಿಕೊಂಡಿದ್ದಾರೆಂಬುದು ಭಕ್ತರಿಗೆ ತಿಳಿದ ಸಂಗತಿಯೇ ಆಗಿದೆ. ಈ ವಿಚಾರವನ್ನು ದೇವಾಲಯ, ವ್ರತ, ನೇಮಗಳ ಸಂದರ್ಭದಲ್ಲಿ ವಿವರಿಸುವುದು ರೂಢಿ. ಆದರೆ ಇಂದಿನ ದಿನಗಳಲ್ಲಿ ಅದು ಅತ್ಯಂತ ಸ್ಪಷ್ಟವಾಗಿ ಕಾಣಸಿಗುವ ಸ್ಥಳ ಬೇರೊಂದಿದೆ. ಅದು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಸಾಲು.

ಮಗನೋ ಮಗಳೋ ಪರದೇಶದಲ್ಲಿ ಇರದ ಮನೆಗಳು ಮಠದ ಭಕ್ತರಲ್ಲಿ ಈಗ ವಿರಳವಾಗುತ್ತಿವೆ. ಬಾಣಂತನಕ್ಕೆಂದು ಹೊರಟ ತಾಯಂದಿರು, ಮೊಮ್ಮಕ್ಕಳನ್ನು ಕಾಣಲೆಂದು ಹೊರಟ ಹಿರಿಯರು ಕೊರಳಲ್ಲಿ ಇಷ್ಟಲಿಂಗ, ಕೈಚೀಲದಲ್ಲಿ ವಿಭೂತಿ, ರುದ್ರಾಕ್ಷಿ, ಒಂದಿಷ್ಟು ತುಪ್ಪ, ನಾಲ್ಕು ಬಟ್ಟಲು ಕೊಬ್ಬರಿ ಇಟ್ಟುಕೊಂಡು ಆ ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ನಿಲ್ದಾಣದಲ್ಲಿ ಮರುಮಾತಿಲ್ಲದೆ ಬಿಟ್ಟ ವಸ್ತುವನ್ನು ಇನ್ನೊಂದು ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಊರಿಗೆ ಮರಳಿದ ಮೇಲೆ ಒಬ್ಬೊಬ್ಬರದೂ ಒಂದೊಂದು ಕಥೆ. ಮುಂದೆ ಹೊರಡುವವರಿಗೆ ಇವುಗಳಲ್ಲಿ ಯಾವುದನ್ನು ನಂಬಬೇಕೆಂಬುದೇ ತೋಚದು.

ಈ ನಿಯಮಗಳ ಮೂಲವನ್ನು ಹುಡುಕಿದರೆ ಒಂದೊಂದರ ಹಿಂದೆಯೂ ಒಂದು ದಿನಾಂಕವಿದೆ, ಒಂದು ಭಯವಿದೆ. 2001ರ ಸೆಪ್ಟೆಂಬರ್ 11ರ ಘಟನೆಯ ನಂತರ ಚಾಕು, ಕತ್ತರಿಗಳ ಮೇಲೆ ಕಣ್ಣು ಬಿತ್ತು. ಅದೇ ವರ್ಷದ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕನೊಬ್ಬನು ತನ್ನ ಬೂಟಿನೊಳಗೆ ಅಡಗಿಸಿಟ್ಟಿದ್ದ ಸ್ಫೋಟಕಕ್ಕೆ ಬೆಂಕಿ ತಗಲಿಸಲು ಯತ್ನಿಸಿದನು. 2006ರ ಆಗಸ್ಟ್‌ನಿಂದ ಅಮೆರಿಕದ ನಿಲ್ದಾಣಗಳಲ್ಲಿ ಪಾದರಕ್ಷೆ ಕಳಚಿ ಯಂತ್ರದೊಳಗೆ ಇಡುವುದು ಕಡ್ಡಾಯವಾಯಿತು. ಅದೇ ಆಗಸ್ಟ್ 10ರಂದು ಬ್ರಿಟನ್ನಿನ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪುಪಾನೀಯದ ಸೀಸೆಗಳಲ್ಲಿ ದ್ರವರೂಪದ ಸ್ಫೋಟಕವನ್ನು ತುಂಬಿ ಅಟ್ಲಾಂಟಿಕ್ ಸಾಗರವನ್ನು ದಾಟುವ ವಿಮಾನಗಳನ್ನು ಹೊಡೆದುರುಳಿಸುವುದು ಆ ಸಂಚಾಗಿತ್ತು. ಮೊದಲು ಎಲ್ಲ ದ್ರವಗಳನ್ನೂ ತಡೆದರು. ಬಳಿಕ, ನವೆಂಬರ್ 6ರಿಂದ ಐರೋಪ್ಯ ಒಕ್ಕೂಟದಲ್ಲಿ ಒಂದು ಸೀಸೆಗೆ 100 ಮಿಲಿಲೀಟರ್, ಒಬ್ಬರಿಗೆ ಒಂದು ಲೀಟರಿನ ಒಂದು ಪಾರದರ್ಶಕ ಚೀಲ ಎಂಬ ಲೆಕ್ಕ ಜಾರಿಗೆ ಬಂತು. ಹೆಚ್ಚು ಕಡಿಮೆ ಇಡೀ ಜಗತ್ತು ಅದನ್ನು ಅಂಗೀಕರಿಸಿತು. ಹೀಗೆ ಪ್ರತಿಯೊಂದು ನಿಯಮವೂ ಹುಟ್ಟುವಾಗ ಒಂದು ಅರಿವಿನೊಡನೆಯೇ ಹುಟ್ಟಿದೆ. ಇದನ್ನು ಒಪ್ಪದೆ ಎಲ್ಲವನ್ನೂ ಹಾಸ್ಯ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ.

ತೊಡಕು ಆರಂಭವಾಗುವುದು ಅನಂತರ. ಅಮೆರಿಕದಲ್ಲಿ ತಿರುಗಣಿ ಮೊಳೆಯಿಂದ ತುದಿಯವರೆಗೆ 4 ಅಂಗುಲ, ಅಂದರೆ ಸುಮಾರು 10 ಸೆಂಟಿಮೀಟರಿಗಿಂತ ಚಿಕ್ಕದಾದ ಕತ್ತರಿಯನ್ನು 2005ರ ಡಿಸೆಂಬರ್‌ನಿಂದ ಕೈಚೀಲದಲ್ಲಿ ಒಯ್ಯಬಹುದು. ಐರೋಪ್ಯ ಒಕ್ಕೂಟದಲ್ಲಿ ಆ ಮಿತಿ 6 ಸೆಂಟಿಮೀಟರ್. ಅಲ್ಲಿಗೆ ನ್ಯೂಯಾರ್ಕಿನಲ್ಲಿ ನಿರಪರಾಧಿಯಾಗಿದ್ದ ಎಂಟು ಸೆಂಟಿಮೀಟರಿನ ಕತ್ತರಿ ಯೂರೋಪಿನಲ್ಲಿ ಅಪರಾಧಿಯಾಗುತ್ತದೆ. ಚಾಕುವಿನ ವಿಷಯದಲ್ಲಿ ಇದು ತಿರುಗುಮುರುಗು. ಯೂರೋಪಿನ ಒಕ್ಕೂಟದ ನಿಯಮ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಮಾತ್ರ ತಡೆಯುತ್ತದೆ. ಕೆನಡಾ ಸಹ 2017ರಲ್ಲಿ ಅದೇ ಅಳತೆಗೆ ಬಂದಿತು, ಆದರೆ ಅಮೆರಿಕಕ್ಕೆ ಹೊರಡುವ ವಿಮಾನಗಳನ್ನು ಹೊರಗಿಟ್ಟಿತು. ಅಮೆರಿಕದವರು 2013ರ ಮಾರ್ಚ್‌ನಲ್ಲಿ ಚಿಕ್ಕ ಚಾಕುಗಳನ್ನು ಬಿಡುವುದಾಗಿ ಸಾರಿ, ವಿಮಾನ ಸಿಬ್ಬಂದಿಯ ವಿರೋಧಕ್ಕೆ ಮಣಿದು ಜೂನ್‌ನಲ್ಲಿ ಹಿಂದೆಗೆದುಕೊಂಡರು. ಹತ್ತು ಸೆಂಟಿಮೀಟರಿನ ಕತ್ತರಿ ಸರಿ, ಮೂರು ಸೆಂಟಿಮೀಟರಿನ ಚಾಕು ತಪ್ಪು.

ದ್ರವಗಳ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ನಿಯಮ ನೋಡುವುದು ಸೀಸೆಯ ಅಳತೆಯನ್ನು, ಸೀಸೆಯೊಳಗಿನ ಪದಾರ್ಥದ ಅಳತೆಯನ್ನಲ್ಲ. ಇನ್ನೂರು ಮಿಲಿಲೀಟರಿನ ಸೀಸೆಯ ತಳದಲ್ಲಿ ನಾಲ್ಕು ಚಮಚ ಎಣ್ಣೆ ಉಳಿದಿದ್ದರೂ ಅದು ಒಳಗೆ ಹೋಗದು. ನೂರು ಮಿಲಿಲೀಟರಿನ ಹಲವು ಸೀಸೆಗಳು ತುಂಬಿ ತುಳುಕುತ್ತಿದ್ದರೂ ಚೀಲದ ಬಾಯಿ ಮುಚ್ಚಿದರೆ ಹೋಗುತ್ತವೆ. ನಾಲ್ವರು ಕುಟುಂಬವಾಗಿ ಹೊರಟರೆ ನಾಲ್ಕು ಚೀಲ. ಅಮೆರಿಕದಲ್ಲಿ ನೀರು ಪೂರ್ಣ ಹೆಪ್ಪುಗಟ್ಟಿದ್ದರೆ ಅದು ದ್ರವವಲ್ಲ. ತಪಾಸಣೆಯ ಹೊತ್ತಿಗೆ ತುಸು ಕರಗಿ ತಳದಲ್ಲಿ ನೀರು ನಿಂತಿದ್ದರೆ ದ್ರವ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಕೈಶುದ್ಧಿಯ ದ್ರವವನ್ನು ಮಾತ್ರ ಸುಮಾರು 355 ಮಿಲಿಲೀಟರಿನವರೆಗೆ ಬಿಟ್ಟರು. ಪಕ್ಕದಲ್ಲಿ ಅಷ್ಟೇ ಅಳತೆಯ ಕುಡಿಯುವ ನೀರಿದ್ದರೆ ಅದು ಕಸದ ಡಬ್ಬಿಗೆ. ಆ ಡಬ್ಬಿಯ ವಿಚಾರವೂ ಯೋಚಿಸತಕ್ಕದ್ದು. ಸ್ಫೋಟಕವಾಗಿರಬಹುದೆಂಬ ಶಂಕೆಯಿಂದ ಕಿತ್ತುಕೊಂಡ ನೂರಾರು ಸೀಸೆಗಳನ್ನು ಜನ ಕಿಕ್ಕಿರಿದು ನಿಂತ ಸಾಲಿನ ಮಗ್ಗುಲಲ್ಲೇ ಒಂದು ಡಬ್ಬಿಗೆ ಎಸೆಯುತ್ತಾರೆ. ಎಸೆಯುವವರಿಗೂ ಅದು ನೀರೇ ಎಂದು ಗೊತ್ತು. ಅರಿವು ಒಂದು ಹೇಳುತ್ತಿದೆ, ಕುರುಹು ಇನ್ನೊಂದು ಮಾಡಿಸುತ್ತಿದೆ.

ವಸ್ತುವಿನ ಒಳಗನ್ನು ಇನ್ನಷ್ಟು ಸ್ಪಷ್ಟವಾಗಿ ಕಾಣಬಲ್ಲ ಹೊಸ ಯಂತ್ರಗಳು ಬಂದಮೇಲೆ ಈ ತೊಡಕು ನೀಗುವುದೆಂದು ಭಾವಿಸಲಾಗಿತ್ತು. ಯೂರೋಪಿನ ಕೆಲವು ನಿಲ್ದಾಣಗಳು ಅಂಥ ಯಂತ್ರಗಳನ್ನು ಕೂರಿಸಿ ದೊಡ್ಡ ಸೀಸೆಗಳನ್ನೂ ಬಿಡತೊಡಗಿದವು. ಆದರೆ 2024ರ ಸೆಪ್ಟೆಂಬರ್ 1ರಿಂದ ಐರೋಪ್ಯ ಒಕ್ಕೂಟವು ತಾಂತ್ರಿಕ ಕಾರಣ ನೀಡಿ ಆ ನಿಲ್ದಾಣಗಳಲ್ಲಿಯೂ 100 ಮಿಲಿಲೀಟರಿನ ಮಿತಿಯನ್ನು ಮರಳಿ ತಂದಿತು. 2025ರಲ್ಲಿ ಕೆಲವು ಯಂತ್ರಗಳಿಗೆ ಮತ್ತೆ ಒಪ್ಪಿಗೆ ದೊರೆಯಿತು. ಹೀಗಾಗಿ ಒಂದೇ ದೇಶದ ಎರಡು ನಿಲ್ದಾಣಗಳಲ್ಲಿ ಒಂದೇ ಸೀಸೆಗೆ ಎರಡು ತೀರ್ಪು ದೊರೆಯಬಹುದು.

ಅಳತೆಯ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗದೆ ಇರರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ್ದ ಅಕ್ಕಿಯನ್ನು ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ಆಯ್ದು ತಂದರೆ, ಆ ತಾಯಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಮರಳಿ ಕಳಿಸಿದರು. ಅಲ್ಲಿಯೂ ಒಂದು ಮಿತಿಯಿತ್ತು. ಆದರೆ ಆ ಮಿತಿಯನ್ನು ಯಾವ ಪಡಿ, ಯಾವ ಸೇರೂ ನಿಗದಿ ಮಾಡಿರಲಿಲ್ಲ. ಅಂದಿನ ಕಾಯಕಕ್ಕೆ, ಅಂದಿನ ದಾಸೋಹಕ್ಕೆ ಎಷ್ಟು ಬೇಕೆಂಬ ಅರಿವು ನಿಗದಿ ಮಾಡಿತ್ತು. ಲೋಕದ ನಿಯಮಕ್ಕೆ ಆ ಸೌಲಭ್ಯವಿಲ್ಲ. ದಿನವೊಂದಕ್ಕೆ ಲಕ್ಷಾಂತರ ಅಪರಿಚಿತರನ್ನು ನೋಡಬೇಕಾದ ಕಾವಲುಗಾರನು ಯಾರ ಅಂತರಂಗವನ್ನೂ ಅಳೆಯಲಾರನು. ಅವನಿಗೆ ಸೀಸೆಯೇ ಗತಿ.

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದು ದಾವಣಗೆರೆ ಕಡೆಯ ಒಬ್ಬ ತಾಯಿಯವರ ಪ್ರಯಾಣವನ್ನು ನಿವೇದಿಸಲು. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು ಅರವತ್ತೆಂಟು. ಮಗಳ ಬಾಣಂತನಕ್ಕಾಗಿ 2025ರ ಫೆಬ್ರುವರಿಯಲ್ಲಿ ಒಬ್ಬರೇ ಅಮೆರಿಕಕ್ಕೆ ಹೊರಟರು. ಕಾಲು ಗಟ್ಟಿಯಾಗಿದ್ದರೂ ಮಗ ಗಾಲಿಕುರ್ಚಿಯನ್ನು ಕಾದಿರಿಸಿದ್ದನು. ನಡುದಾರಿಯಲ್ಲಿ ದಾರಿ ತಪ್ಪದಿರಲೆಂದು ಹೆಚ್ಚಿನ ಮಕ್ಕಳು ಹೀಗೆಯೇ ಮಾಡುತ್ತಾರೆ. ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯಲ್ಲಿ ಅರವತ್ತು ವರ್ಷಗಳಿಂದ ಅಂಗದಿಂದ ಅಗಲದ ಇಷ್ಟಲಿಂಗ. ಕೈಚೀಲದಲ್ಲಿ ಇನ್ನೊಂದು ಪುಟ್ಟ ಕರಡಿಗೆ. ಹುಟ್ಟಲಿರುವ ಮಗುವಿಗೆಂದು ಮಠದ ಬಳಿಯ ಅಂಗಡಿಯಲ್ಲಿ ಕೊಂಡದ್ದು, ಇನ್ನೂ ಸಂಸ್ಕಾರವಾಗಬೇಕಾದದ್ದು. ಅದರೊಡನೆ ಅರ್ಧ ಕಿಲೋದಷ್ಟು ವಿಭೂತಿ ಗಟ್ಟಿ, ಪಾದೋದಕದ ಒಂದು ಕಿರುಸೀಸೆ, ಮಗಳಿಗೆ ಉಡಿ ತುಂಬಲು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಕುಬಸದ ಕಣ. ಹೋಳಿಗೆಗೆಂದು ಕಾಸಿದ ತುಪ್ಪ, ಸೀಸೆಯ ಅರ್ಧಕ್ಕೆ.

ಬೆಂಗಳೂರಿನಲ್ಲಿ ಮೊದಲು ಹೋದದ್ದು ತುಪ್ಪ. ಫೆಬ್ರುವರಿಯ ರಾತ್ರಿಯ ಚಳಿಗೆ ಅದು ಹರಳುಗಟ್ಟಿ ಕುಳಿತಿತ್ತು. ತಪಾಸಣೆಯವರು ಸೀಸೆಯನ್ನು ಬೋರಲು ಹಾಕಿ ಹಿಡಿದರು. ಒಂದು ಹನಿಯೂ ಅಲುಗಲಿಲ್ಲ. ಆದರೂ ತುಪ್ಪ ದ್ರವದ ಪಟ್ಟಿಯಲ್ಲಿದೆ, ಸೀಸೆ ನೂರು ಮಿಲಿಲೀಟರಿಗಿಂತ ದೊಡ್ಡದು. “ಬೇಸಿಗೆಯಲ್ಲಿ ತಂದಿದ್ದರೆ ಒಪ್ಪುತ್ತಿದ್ದೆ ತಮ್ಮಾ, ಈಗ ಇದು ಕಲ್ಲಿನ ಹಾಗಿದೆ” ಎಂದು ತಾಯಿ ನಕ್ಕು ಬಿಟ್ಟುಕೊಟ್ಟರು. ಮುಂದಿನ ಸರದಿ ಕೊಬ್ಬರಿಯದು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ರಾಶಿಯಾಗಿ ಇಟ್ಟರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ಅಂತಾರಾಷ್ಟ್ರೀಯ ಸರಕು ನಿಯಮಗಳು ಅದನ್ನು ಗುರುತಿಸಿವೆ. ಭಾರತದಲ್ಲಿ 2022ರಲ್ಲಿ ಅದನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಯೂ ಇಡಕೂಡದೆಂದು ಪಟ್ಟಿಗೆ ಸೇರಿಸಿದರು. ತಿಪಟೂರಿನ ಸೀಮೆಯಲ್ಲಿ ಅಟ್ಟದ ತುಂಬ ಕೊಬ್ಬರಿ ಇಟ್ಟು ಅದರ ಕೆಳಗೆ ಮಲಗಿ ಏಳುವ ಜನರಿಗೆ ಇದು ವಿಚಿತ್ರವಾಗಿ ಕಂಡೀತು. ನಾಲ್ಕು ಬಟ್ಟಲು ಕೊಬ್ಬರಿ ಹೊತ್ತಿ ಉರಿಯುವುದಿಲ್ಲ, ನಿಜ. ಆದರೆ ಎಷ್ಟು ಬಟ್ಟಲಿನವರೆಗೆ ಸರಿ ಎಂಬುದನ್ನು ಯಾರು ಎಣಿಸುತ್ತಾ ಕೂರಬೇಕು?

ಕಾಯಿಯ ವಿಷಯದಲ್ಲಿ ಕೇಂದ್ರ ಸರ್ಕಾರವೇ ಒಂದು ಸಡಿಲಿಕೆ ನೀಡಿದ್ದುಂಟು. ಕೈಚೀಲದಲ್ಲಿ ತೆಂಗಿನಕಾಯಿ ನಿಷಿದ್ಧವಾಗಿದ್ದರೂ, ಇರುಮುಡಿ ಹೊತ್ತು ಶಬರಿಮಲೆಗೆ ಹೊರಡುವ ಯಾತ್ರಿಕರಿಗೆ 2024ರ ಅಕ್ಟೋಬರ್‌ನಿಂದ 2025ರ ಜನವರಿ 20ರವರೆಗೆ, ಯಂತ್ರದ ಹಾಗೂ ಕೈಯ ತಪಾಸಣೆಯ ಬಳಿಕ, ಅದನ್ನು ಜೊತೆಯಲ್ಲಿ ಒಯ್ಯಲು ಅನುಮತಿಸಲಾಯಿತು. ಸಿಖ್ಖರ ಕಿರ್ಪಾಣಕ್ಕೂ ದೇಶದೊಳಗಿನ ವಿಮಾನಗಳಲ್ಲಿ ಅವಕಾಶವಿದೆ. ಅಲಗು 6 ಅಂಗುಲ, ಒಟ್ಟು ಉದ್ದ 9 ಅಂಗುಲ ಮೀರಬಾರದು. ದೇಶದ ಗಡಿ ದಾಟುವ ವಿಮಾನದಲ್ಲಿ ಅದೇ ಕಿರ್ಪಾಣಕ್ಕೆ ಆ ಅವಕಾಶವಿಲ್ಲ. ಇವುಗಳನ್ನು ಪಕ್ಷಪಾತವೆಂದು ದೂರುವವರಿದ್ದಾರೆ. ಆದರೆ ಒಂದು ವಸ್ತು ಹಿಡಿದವನಿಗೆ ಏನಾಗಿದೆ ಎಂಬುದನ್ನು ನಿಯಮ ಒಂದು ಕ್ಷಣ ನಿಂತು ಕೇಳಿದ ಅಪರೂಪದ ಸಂದರ್ಭಗಳಿವು. ಅವು ಇರುವುದರಿಂದ ಯಾರಿಗೂ ನಷ್ಟವಾಗಿಲ್ಲ.

ಬೆಂಗಳೂರಿನಲ್ಲಿ ಕರಡಿಗೆಗೆ ತೊಂದರೆಯಾಗಲಿಲ್ಲ. ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯ ಕೈಯಲ್ಲಿದ್ದ ಉಪಕರಣ ಕೊರಳ ಬಳಿ ಸದ್ದು ಮಾಡಿತು. ಉತ್ತರ ಭಾರತದ ಹೆಣ್ಣುಮಗಳು, ಕನ್ನಡ ಬಾರದು. ತಾಯಿ ಸೆರಗು ಸರಿಸಿ ಕರಡಿಗೆಯನ್ನು ತೋರಿ “ಶಿವ” ಎಂದರು. ಆಕೆ ಕೈ ಮುಗಿದು ಮುಂದೆ ಕಳಿಸಿದಳು.

ನಿಜವಾದ ಸಂದಿಗ್ಧ ಎದುರಾದದ್ದು ವಿಮಾನ ಬದಲಿಸಬೇಕಾಗಿದ್ದ ಯೂರೋಪಿನ ಒಂದು ನಿಲ್ದಾಣದಲ್ಲಿ. ಅಮೆರಿಕದ ವಿಮಾನಕ್ಕೆ ಏರುವ ಮುನ್ನ ಅಲ್ಲಿ ಮತ್ತೊಮ್ಮೆ ತಪಾಸಣೆ. ತಾಯಿ ಕೈಚೀಲವನ್ನೂ ಮಗುವಿನ ಪುಟ್ಟ ಕರಡಿಗೆಯನ್ನೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಇರಿಸಿ ಪಟ್ಟಿಯ ಮೇಲೆ ಬಿಟ್ಟರು. ಕೊರಳಿನದು ಸದ್ದು ಮಾಡಿತು. ಅಧಿಕಾರಿಣಿ ತಟ್ಟೆಯತ್ತ ಬೆರಳು ತೋರಿ ಏನೋ ಹೇಳಿದಳು. ಶಿಕ್ಷಕಿಯಾಗಿದ್ದವರಿಗೆ ಇಂಗ್ಲಿಷ್ ಫಲಕಗಳನ್ನು ಓದಲು ಬರುತ್ತಿತ್ತು. ಆಕೆಯ ಉಚ್ಚಾರವನ್ನು ಹಿಡಿಯಲಾಗಲಿಲ್ಲ. ಸಾಲಿನಲ್ಲಿ ಹಿಂದಿದ್ದ ಹುಬ್ಬಳ್ಳಿ ಕಡೆಯ ತರುಣನೊಬ್ಬನು ನೆರವಿಗೆ ಬಂದನು.

“ಅವ್ವಾರ, ಕೊಳ್ಳಾಗಿಂದು ತಗದು ತಟ್ಟಿಯೊಳಗ ಇಡ್ರಿ ಅಂತಾರ.”

“ಇದು ಮೈಮೇಲಿಂದ ತೆಗೆಯೋದಲ್ಲಪ್ಪ. ಅಂಗೈಯಲ್ಲಿ ಹಿಡಕೊಂಡು ಬಿಚ್ಚಿ ತೋರಿಸ್ತೀನಿ ಅಂತ ಹೇಳು.”

ಅಧಿಕಾರಿಣಿ ಒಪ್ಪಲಿಲ್ಲ. ಅವಳು ಕೇಳಿದ ಪ್ರಶ್ನೆ ಮಾತ್ರ ಬಹಳ ಸಮಂಜಸವಾಗಿತ್ತು. ಪರದೆಯ ಮೇಲೆ ಅವಳಿಗೆ ಮಗುವಿನ ಕರಡಿಗೆಯ ಒಳಗು ಕಂಡಿತ್ತು: ಬೆಳ್ಳಿಯ ಭರಣಿ, ಅದರೊಳಗೆ ಕಪ್ಪಗಿನ ಗುಂಡು. ಕೊರಳಲ್ಲಿರುವುದೂ ಅದೇ ಆಕಾರದ್ದು. ಒಂದನ್ನು ತಾವಾಗಿಯೇ ತಟ್ಟೆಯಲ್ಲಿ ಇಟ್ಟವರು ಇನ್ನೊಂದನ್ನು ಏಕೆ ಇಡಲಾರರು? ಎರಡೂ ಒಂದೇ ಅಲ್ಲವೇ?

ಓದುಗ ಭಕ್ತರು ಇಲ್ಲಿ ತುಸು ನಿಲ್ಲಬೇಕು. ಈ ತನಕ ನಿಲ್ದಾಣದ ನಿಯಮಗಳಲ್ಲಿ ಅಸಂಗತಿಯನ್ನು ಹುಡುಕಿದ್ದಾಯಿತು. ಈಗ ನಿಲ್ದಾಣದವಳು ಭಕ್ತೆಯ ನಿಯಮದಲ್ಲಿ ಅಸಂಗತಿಯನ್ನು ಕಂಡಳು. ಹೊರಗಿನಿಂದ ನೋಡುವವರಿಗೆ ಅದು ನಿಜವಾಗಿಯೂ ಅಸಂಗತವೇ. ಯಂತ್ರದ ಕಣ್ಣಿಗೆ ಎರಡು ಭರಣಿ, ಎರಡು ಗುಂಡು.

ತಾಯಿ ತಡವರಿಸದೆ ಹೇಳಿದರು: “ಅದು ಮಗುವಿಂದು, ಇನ್ನೂ ಕಟ್ಟಿಲ್ಲ. ಇದು ಕಟ್ಟಿದ್ದು. ಗುರುಗಳು ಅಂಗೈಗೆ ಕೊಟ್ಟಾಗ ನನಗೆ ಎಂಟು ವರ್ಷ.”

ಈ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದು ಹೇಗೆಂದು ಹುಬ್ಬಳ್ಳಿಯ ತರುಣನು ಅರೆಗಳಿಗೆ ಯೋಚಿಸಿದನು. ದೀಕ್ಷೆ, ಸಂಸ್ಕಾರ, ಕರಸ್ಥಲ ಎಂದು ಆರಂಭಿಸಿದ್ದರೆ ಹಿಂದಿನ ಸಾಲು ಗೊಣಗುತ್ತಿತ್ತು. ಅವನ ದೃಷ್ಟಿ ಅಧಿಕಾರಿಣಿಯ ಬೆರಳಿನಲ್ಲಿದ್ದ ಮದುವೆಯ ಉಂಗುರದ ಮೇಲೆ ಬಿತ್ತು. ಅಂಗಡಿಯ ಗಾಜಿನೊಳಗಿರುವ ಉಂಗುರಕ್ಕೂ ನಿಮ್ಮ ಬೆರಳಿನಲ್ಲಿರುವ ಉಂಗುರಕ್ಕೂ ಎಷ್ಟು ವ್ಯತ್ಯಾಸವೋ ಇವೆರಡಕ್ಕೂ ಅಷ್ಟೇ ವ್ಯತ್ಯಾಸ ಎಂದು ಅವನು ಹೇಳಿದನು. ಶರಣಸತಿ ಲಿಂಗಪತಿ ಭಾವವನ್ನು ಆ ತರುಣನು ಎಲ್ಲಿಯಾದರೂ ಅಭ್ಯಾಸ ಮಾಡಿದ್ದನೋ ಇಲ್ಲವೋ ತಿಳಿಯದು. ಆದರೆ ದೊಡ್ಡ ವ್ಯಾಖ್ಯಾನಗಳು ಹೇಳುವುದನ್ನು ಅವನು ಒಂದೇ ಉಪಮೆಯಲ್ಲಿ ಹೇಳಿಬಿಟ್ಟನು. ಆ ಸಾಲಿನಲ್ಲಿ ಮದುವೆಯ ಉಂಗುರವನ್ನು ಯಾರಿಂದಲೂ ಕಳಚಿಸುತ್ತಿರಲಿಲ್ಲ ಎಂಬುದು ಗಮನಾರ್ಹ.

ಅಧಿಕಾರಿಣಿ ಮೇಲಿನವರೊಡನೆ ಮಾತನಾಡಿ ಬಂದು ತಾಯಿಯನ್ನು ಒಂದು ಒಳಕೋಣೆಗೆ ಕರೆದೊಯ್ದಳು. ಅಲ್ಲಿ ತಾಯಿ ಎಡ ಅಂಗೈಯಲ್ಲಿ, ಪೂಜೆಗೆ ಕುಳಿತಾಗ ಹಿಡಿಯುವಂತೆಯೇ, ಕರಡಿಗೆಯನ್ನು ಇರಿಸಿ ಬಿಚ್ಚಿದರು. ಶಿವದಾರ ಕೊರಳಿನಲ್ಲಿಯೇ ಇತ್ತು. ಸ್ಫೋಟಕದ ಕಣಗಳನ್ನು ಪತ್ತೆ ಹಚ್ಚುವ ಬಟ್ಟೆಯ ತುಣುಕಿನಿಂದ ಅಧಿಕಾರಿಣಿ ಅವರ ಬೆರಳುಗಳನ್ನೂ ಕರಡಿಗೆಯ ಹೊರಮೈಯನ್ನೂ ಸವರಿ ಯಂತ್ರಕ್ಕೆ ಕೊಟ್ಟಳು. ಲಿಂಗವನ್ನು ಬಾಗಿ ನೋಡಿದಳು, ಮುಟ್ಟಲಿಲ್ಲ. ನೋಡುವಾಗ ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳೆಂದು ತಾಯಿ ಈಗಲೂ ಹೇಳುತ್ತಾರೆ. ಐದು ನಿಮಿಷದ ಕೆಲಸ.

ಇನ್ನುಳಿದದ್ದು ವಿಭೂತಿ. ಅಮೆರಿಕಕ್ಕೆ ನೇರವಾಗಿ ಹೊರಡುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಥವಾ ಅದಕ್ಕೆ ಮೀರಿದ ಪುಡಿ ಕೈಚೀಲದಲ್ಲಿದ್ದರೆ 2018ರ ಜೂನ್ 30ರಿಂದ ವಿಶೇಷ ತಪಾಸಣೆ ಉಂಟು. ಅದು ಏನೆಂದು ಖಚಿತವಾಗದಿದ್ದರೆ ಒಳಗೆ ಬಿಡುವುದಿಲ್ಲ. ವಿಭೂತಿ ಗಟ್ಟಿ ಪುಡಿಯೋ ಗಟ್ಟಿಯೋ? ದಾವಣಗೆರೆಯಿಂದ ಹೊರಡುವಾಗ ಎಲ್ಲವೂ ಗಟ್ಟಿಯಾಗಿದ್ದವು. ದಾರಿಯ ಕುಲುಕಾಟಕ್ಕೆ ಮೂರರಲ್ಲೊಂದು ಪಾಲು ಪುಡಿಯಾಗಿತ್ತು. ಪುಡಿಯಾದದ್ದು ಮಿತಿಯೊಳಗೆ ಇದೆ, ಗಟ್ಟಿಯಾದದ್ದು ಪುಡಿಯಲ್ಲ ಎಂಬ ತೀರ್ಮಾನವಾಗಿ ಅದೂ ಪಾರಾಯಿತು. ಇನ್ನೊಂದು ಗಂಟೆಯ ಕುಲುಕಾಟವಾಗಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತೇನೋ.

ಈ ಪ್ರಸಂಗ ಬಂಧುಗಳ ಕಿವಿಗೆ ಬಿದ್ದಮೇಲೆ ಒಂದು ಜಿಜ್ಞಾಸೆ ನಡೆಯಿತು. ಬೀಗರ ಕಡೆಯ ಹಿರಿಯರೊಬ್ಬರು, ವಚನಗಳನ್ನು ಚೆನ್ನಾಗಿ ಓದಿಕೊಂಡವರು, ಆಕ್ಷೇಪವೆತ್ತಿದರು: “ಇಷ್ಟಲಿಂಗ ಕುರುಹು ಮಾತ್ರ. ಪ್ರಾಣಲಿಂಗವನ್ನು ಯಾವ ಯಂತ್ರವೂ ಕಳಚಲಾರದು. ಎರಡು ನಿಮಿಷ ತಟ್ಟೆಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು? ವಿಮಾನ ತಪ್ಪಿಹೋಗಿದ್ದರೆ ಮಗಳ ಗತಿ?” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕುರುಹಿಗೆ ಅಂಟಿಕೊಂಡವರನ್ನು ಶರಣರು ಖಂಡಿಸಿದ್ದಾರೆಂದು ಈ ಲೇಖನದ ಆರಂಭದಲ್ಲಿಯೇ ಹೇಳಲಾಗಿದೆ. ಅದೇ ಕೋಲಿನಿಂದ ಆ ತಾಯಿಯನ್ನೂ ಅಳೆಯಬೇಕಲ್ಲವೇ?

ತಾಯಿ ಅದಕ್ಕೆ ವಾದ ಹೂಡಲಿಲ್ಲ. “ಅಣ್ಣಾರೇ, ನಿಮ್ಮ ಲಿಂಗ ಈಗ ಎಲ್ಲಿದೆ?” ಎಂದು ದೂರವಾಣಿಯಲ್ಲಿಯೇ ಕೇಳಿದರಂತೆ. ಅದು ದೇವರ ಕೋಣೆಯ ಗೂಡಿನಲ್ಲಿತ್ತು.

ಈ ಪ್ರಶ್ನೆಯಲ್ಲಿ ತುಸು ಮುಳ್ಳಿದೆ. ಆದರೆ ಅದರೊಳಗಿನ ಸತ್ಯ ದೊಡ್ಡದು. ಕುರುಹನ್ನು ದಾಟಿ ನಿಂತವನಿಗೆ ಕುರುಹು ಬೇಡವಾಗಬಹುದು. ಅದನ್ನು ಹಿಡಿಯದೆಯೇ ಬಿಟ್ಟವನು ದಾಟಿದವನಾಗಲಾರನು. ಇಷ್ಟಲಿಂಗವನ್ನು ಸ್ನಾನದ ನಂತರ ಹತ್ತು ನಿಮಿಷ ಧರಿಸಿ ಗೂಡಿಗೆ ಸೇರಿಸುವ ಮನೆಗಳು ಇಂದು ಎಷ್ಟೋ ಇವೆ. ಕೆಲಸಕ್ಕೆ ಅಡ್ಡಿ, ಪ್ರವಾಸಕ್ಕೆ ಅಡ್ಡಿ, ಅಂಗಿಯ ಮೇಲೆ ಉಬ್ಬಿ ಕಾಣುತ್ತದೆ ಎಂಬ ಕಾರಣಗಳು. ಅದೇ ಮನೆಗಳಲ್ಲಿ ಸಂಬಂಧ ಬೆಳೆಸುವಾಗ ಒಳಪಂಗಡವನ್ನು ಕೇಳುವುದು ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಬೇಡದ ಕಡೆ ಕಟ್ಟುನಿಟ್ಟು, ಬೇಕಾದ ಕಡೆ ಸಡಿಲ. ಕತ್ತರಿಯನ್ನು ಬಿಟ್ಟು ಚಾಕುವನ್ನು ತಡೆಯುವವರನ್ನು ಕಂಡು ನಗುವ ಮೊದಲು ಭಕ್ತರು ತಮ್ಮ ಮನೆಯ ಬಾಗಿಲಿನ ತಪಾಸಣೆಯನ್ನೂ ಒಮ್ಮೆ ನೋಡಿಕೊಳ್ಳುವುದು ಲೇಸು.

ಇನ್ನೊಂದು ಸೂಕ್ಷ್ಮವಿದೆ. ತಾಯಿ ಮಗುವಿನ ಲಿಂಗವನ್ನು ತಟ್ಟೆಯಲ್ಲಿ ಇಟ್ಟರು. ಕುರುಹಿಗೆ ಕುರುಡಾಗಿ ಅಂಟಿಕೊಂಡವರಾಗಿದ್ದರೆ ಅದನ್ನೂ ಎದೆಗವಚಿಕೊಂಡು ಕಣ್ಣೀರಿಡುತ್ತಿದ್ದರು. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂಬುದು ಅವರಿಗೆ ತಿಳಿದಿತ್ತು. ತಿಳಿದದ್ದನ್ನು ಎರಡು ವಾಕ್ಯಗಳಲ್ಲಿ ಹೇಳಲೂ ಸಾಧ್ಯವಾಯಿತು. ನಿಯಮವನ್ನು ಪಾಲಿಸುವವನು ಅದರ ಕಾರಣವನ್ನು ಇಷ್ಟು ಸರಳವಾಗಿ ಹೇಳಬಲ್ಲನಾದರೆ ಅಲ್ಲಿ ಕುರುಹೂ ಅರಿವೂ ಕೂಡಿಯೇ ಇವೆ. ನೂರು ಮಿಲಿಲೀಟರ್ ಏಕೆ, ತೊಂಬತ್ತು ಏಕಲ್ಲ ಎಂದು ಕೇಳಿದರೆ ತಟ್ಟೆಯ ಬಳಿ ನಿಂತವರಿಂದ ಅಂಥ ಉತ್ತರ ದೊರೆಯುವುದು ದುರ್ಲಭ. ಅದು ಅವರ ತಪ್ಪಲ್ಲ. ಅರಿವು ಎಲ್ಲೋ ದೂರದ ಕಚೇರಿಯಲ್ಲಿದೆ, ಕುರುಹು ಮಾತ್ರ ಇವರ ಕೈಯಲ್ಲಿದೆ.

ಶೂನ್ಯಸಂಪಾದನೆಯಲ್ಲಿಯೂ ಒಂದು ತಪಾಸಣೆ ಬರುತ್ತದೆ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದ ಒಳಗೆ ಬಿಡುವ ಮುನ್ನ ಪ್ರಭುದೇವರು ಕೇಳಿದ ಪ್ರಶ್ನೆಗಳು ಎಷ್ಟು ಕಠಿಣವಾದವು! ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅವರು ವಿಚಾರಿಸಿದ ಬಗೆಯೇ ಬೇರೆ. ವಜ್ರಕಾಯದ ಹೆಮ್ಮೆಯಿದ್ದ ಗೋರಕ್ಷನ ಮುಂದಂತೂ ಮಾತಿನ ಬದಲು ಖಡ್ಗವೇ ಆಡಿತು. ಒಬ್ಬರಿಗೊಂದು, ಇನ್ನೊಬ್ಬರಿಗೊಂದು. ನಿಯಮದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಅಸಂಗತವಾದ ತಪಾಸಣೆ ಇರಲಾರದು. ಆದರೆ ಪ್ರಭುದೇವರು ಎಲ್ಲರಲ್ಲಿಯೂ ಹುಡುಕುತ್ತಿದ್ದುದು ಒಂದನ್ನೇ. ಹುಡುಕುವುದು ಏನೆಂದು ಗೊತ್ತಿದ್ದವನು ಮಾತ್ರ ಪ್ರಶ್ನೆಯನ್ನು ಬದಲಿಸಬಲ್ಲನು. ಯೂರೋಪಿನ ಆ ಒಳಕೋಣೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನೋಡಿದ ಹೆಣ್ಣುಮಗಳಿಗೂ ಅಷ್ಟು ಹೊತ್ತು ಅದು ಗೊತ್ತಿತ್ತು ಎನ್ನಬೇಕು: ಬೇಕಾದದ್ದು ಸ್ಫೋಟಕ ಇಲ್ಲವೆಂಬ ಖಾತ್ರಿ, ತಟ್ಟೆಯಲ್ಲ.

ಅಮೆರಿಕ ತಲುಪಿದ ಮೇಲೆ ಊರು ಬದಲಿಸುವ ವಿಮಾನಕ್ಕಾಗಿ ಮತ್ತೊಂದು ಸಾಲು. ಅಲ್ಲಿ ಕರಡಿಗೆಯ ಬಗ್ಗೆ ಯಾರೂ ಕೇಳಲಿಲ್ಲ, ಪಾದರಕ್ಷೆಯನ್ನು ಕಳಚಿಸಿದರು. ಮಾರ್ಚ್‌ನಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ಆ ಊರಿನ ಭಾರತೀಯ ಅಂಗಡಿಯಲ್ಲಿ ದೊರೆತ ಕೊಬ್ಬರಿಯಿಂದಲೇ ಉಡಿ ತುಂಬಿದ್ದೂ ಆಯಿತು. ಪುಟ್ಟ ಕರಡಿಗೆ ಹೋಗಬೇಕಾದಲ್ಲಿಗೆ ಹೋಗಿ ಸೇರಿತು.

ಏಪ್ರಿಲ್‌ನಲ್ಲಿ ಊರಿನ ಇನ್ನೊಬ್ಬ ತಾಯಿ ಇದೇ ಕಾರಣಕ್ಕೆ ಹೊರಡುವವರಿದ್ದರು. ಅವರಿಗಾಗಿ ಈ ತಾಯಿ ತಮ್ಮ ಶಾಲೆಯ ಅಕ್ಷರದಲ್ಲಿ ಒಂದು ಚೀಟಿ ಬರೆದು ಅದರ ಚಿತ್ರವನ್ನು ಕಳಿಸಿದ್ದರು. ಕೊಬ್ಬರಿ ತರಬೇಡಿ, ಇಲ್ಲಿ ಸಿಗುತ್ತದೆ. ತುಪ್ಪವನ್ನು ಕೈಚೀಲದಲ್ಲಿ ಇಡಬೇಡಿ. ವಿಭೂತಿ ಗಟ್ಟಿಯನ್ನು ಬಟ್ಟೆಯ ಚೀಲದಲ್ಲಿ ಹಾಕದೆ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಡಿ, ಪುಡಿಯಾಗುವುದಿಲ್ಲ. ಲಿಂಗವನ್ನು ತೆಗೆಯಿರಿ ಎಂದರೆ ಸಿಟ್ಟಾಗಬೇಡಿ, ಒಳಕೋಣೆ ಕೇಳಿರಿ, ಅಂಗೈಯಲ್ಲಿ ತೋರಿಸಿರಿ. ಇಂಗ್ಲಿಷಿನಲ್ಲಿ ಕೇಳುವ ವಾಕ್ಯವನ್ನು ಹಿಂದೆ ಬರೆದಿದೆ. ಕೊನೆಯಲ್ಲಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ, ಚಪ್ಪಲಿ ಬಿಡಿಸುತ್ತಾರೆ, ನೆಲ ಬಹಳ ತಣ್ಣಗಿರುತ್ತದೆ ಎಂದು ಇತ್ತು. ಆಗಸ್ಟ್‌ನಲ್ಲಿ ಅವರು ಮರಳುವಷ್ಟರಲ್ಲಿ ಅಮೆರಿಕದವರು ಪಾದರಕ್ಷೆಯ ನಿಯಮವನ್ನು ತೆಗೆದುಹಾಕಿದ್ದರು. ಜುಲೈನಲ್ಲಿಯೇ ಅದು ಮುಗಿದಿತ್ತು. ಮುಂದೆ ಹೊರಡುವವರಿಗೆಂದು ಇಟ್ಟುಕೊಂಡಿರುವ ಚೀಟಿಯಲ್ಲಿ ಆ ಒಂದು ಸಾಲನ್ನು ಅವರು ಗೆರೆ ಎಳೆದು ಹೊಡೆದು ಹಾಕಿದ್ದಾರೆ.